ಬೈಸಿಕೊಳ್ಳಲು ಬಂದವನು

ಭಾನುವಾರ, ಬೆಳಿಗ್ಗೆ

ನನ್ನ ಪುಟ್ಟಿಗೆ,

ಕ್ಷೇಮವೆಂದು ಬರೆದರೆ ನೀನು ನಂಬುವುದಿಲ್ಲ. ಕ್ಷೇಮವಿಲ್ಲವೆಂದು ಬರೆದರೆ ಮುಂದಕ್ಕೆ ಓದದೆ ಬಸ್ಸು ಹತ್ತುತ್ತೀಯ. ಆದ್ದರಿಂದ ಆ ವಿಚಾರ ಆಮೇಲೆ. ಮೊದಲು ಒಂದು ಕಡೆ ಕೂತುಕೋ.

ಅಪ್ಪ ಹೋಗಿ ವರ್ಷವಾಯಿತೆಂದು ಆಸ್ಪತ್ರೆಯವರು ಸಭೆ ಮಾಡುತ್ತಾರೆ, ನಾಲ್ಕು ಮಾತು ಬರೆದುಕೊಡಮ್ಮಾ, ನಾನು ಓದುತ್ತೇನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ. ಹೊಗಳುವುದೇನೂ ಕಷ್ಟವಲ್ಲ. ಎಷ್ಟು ಜನರ ಎದೆ ತೆರೆದರು, ಎಷ್ಟು ಜನ ಎದ್ದು ನಡೆದು ಮನೆಗೆ ಹೋದರು ಎನ್ನುವುದನ್ನು ಮೈಕಿನ ಮುಂದೆ ಹೇಳಲು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವವರು ಬೇರೆ ಮನುಷ್ಯ. ಗೋಡೆಗೆ ಒಂದು ಮೊಳೆ ಹೊಡೆಯಲು ಬರುತ್ತಿರಲಿಲ್ಲ. ನಿನ್ನ ಗೊಂಬೆಯ ಹರಿದ ತೋಳನ್ನು ಮಾತ್ರ ಹೊಲಿಗೆ ಎಲ್ಲಿದೆ ಎಂದು ಹುಡುಕುವಂತೆ ಹೊಲಿದು ಕೊಟ್ಟರು. ಒಂದು ದಿನ ನಾನು ಊರಲ್ಲಿಲ್ಲದಾಗ ನಿನ್ನ ಶೂ ಲೇಸು ಕಟ್ಟಿ ಸ್ಕೂಲಿಗೆ ಕಳಿಸಿದರು. ಆಪರೇಷನ್ನಿನಲ್ಲಿ ಹಾಕುವ ಗಂಟು! ಸಂಜೆ ಟೀಚರು ಕತ್ತರಿ ತಂದು ಬಿಡಿಸಬೇಕಾಯಿತು. ನೀನು ಅಳುತ್ತಾ ಬಂದೆ, ಅವರು ಮಾತ್ರ ಗಂಟು ಬಿಚ್ಚಿಕೊಳ್ಳಲಿಲ್ಲವಲ್ಲ ಎಂದು ಹಿಗ್ಗಿದರು.

ಮುದ್ದು ಮಾಡಲು ಅವರಿಗೆ ಬರುತ್ತಿರಲಿಲ್ಲ. ಅದಕ್ಕೆ ಬದಲಾಗಿ ನಾಡಿ ಹಿಡಿಯುತ್ತಿದ್ದರು. ಬೆಳಿಗ್ಗೆ ಕಾಫಿ ಕೊಟ್ಟರೆ ಕಪ್ ತೆಗೆದುಕೊಳ್ಳುವ ಮೊದಲು ಎರಡು ಬೆರಳು ನನ್ನ ಮಣಿಕಟ್ಟಿನ ಮೇಲೆ ಇಡುತ್ತಿದ್ದರು, ಕಣ್ಣು ಮಾತ್ರ ಚಾವಣಿಯ ಕಡೆ. ಕೈ ಸುಡುತ್ತಿದೆ, ಬೇಗ ಹಿಡಿದುಕೊಳ್ಳಿ ಎಂದು ನಾನು ರೇಗಿದರೆ, "ತಾಳೇ, ನಿನ್ನ ಗಡಿಯಾರ ಸರಿಯಾಗಿ ಓಡ್ತಿದೆಯಾ ನೋಡ್ತಿದೀನಿ" ಎನ್ನುತ್ತಿದ್ದರು. ನಿನ್ನದನ್ನು ನೀನು ಹೊರಗೆ ಹೊರಡುವಾಗ ಬಾಗಿಲಲ್ಲಿ ನೋಡುತ್ತಿದ್ದರು. ನಿನ್ನ ಅಜ್ಜಿ ನಾಚಿಕೊಂಡು ಸೆರಗಿನೊಳಗೆ ಕೈ ಮುಚ್ಚಿಕೊಂಡರೂ ಬಿಡುತ್ತಿರಲಿಲ್ಲ. ತಮ್ಮ ನಾಡಿ ಮಾತ್ರ ಒಂದು ದಿನವೂ ನೋಡಿಕೊಳ್ಳಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಪುಟ್ಟಿ, ಅವರು ಹೋದ ಮೇಲೂ ಆ ಬೆರಳುಗಳು ಬರುತ್ತಿವೆ. ಮೊದಲ ಸಲ ನಾನು ಕಪ್ ಕೈಬಿಟ್ಟೆ. ಒಬ್ಬಳಿಗೇ ಕಾಫಿ ಮಾಡಿಕೊಂಡು ಕಿಟಕಿಯ ಹತ್ತಿರ ಬಂದಿದ್ದೆ, ಮಣಿಕಟ್ಟಿನ ಒಳಬದಿಯಲ್ಲಿ ತಣ್ಣಗೆ, ಸರಿಯಾಗಿ ಅದೇ ಜಾಗದಲ್ಲಿ. ಕೆಲವು ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳುತ್ತದೆ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವವರು ಬಿಡುವಷ್ಟು ಹೊತ್ತು. ಹೋಗಿ ನೋಡಿದರೆ ನೆಲ ಒಣಗಿರುತ್ತದೆ. ಹುಚ್ಚು ಎನ್ನು, ಮುಪ್ಪು ಎನ್ನು. ಹೆದರಿಕೆಯಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಬರದಿದ್ದ ದಿನ ಇನ್ನೂ ಹೆದರಿಕೆಯಾಗುತ್ತಿತ್ತು.

ಕಳೆದ ತಿಂಗಳು ಒಂದು ಬೆಳಿಗ್ಗೆ ಬಂದ ಬೆರಳುಗಳು ಮೇಲೇಳಲಿಲ್ಲ. ಈ ತಡ ಏನೆಂದು ನನಗೆ ಗೊತ್ತು. ನಿನ್ನ ಅಜ್ಜಿಯ ಕೈ ಮೇಲೆ ಅವರು ಹೀಗೆಯೇ ತಡೆದಿದ್ದರು, ಅದಾದ ವಾರದಲ್ಲೇ ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ನಿನಗೆ ಹೇಳದೆ ನಾನೇ ಹೋಗಿ ತೋರಿಸಿಕೊಂಡೆ. ಹೃದಯದ ಒಂದು ಕವಾಟ ಕಿರಿದಾಗಿದೆಯಂತೆ. ಬದಲಿಸಬೇಕು, ಹೆಚ್ಚು ದಿನ ತಳ್ಳಬಾರದಂತೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದುದು ವಯಸ್ಸಿನಿಂದಲ್ಲ. ಕ್ಷೇಮಸಮಾಚಾರ ಇಷ್ಟೇ. ಏಳಬೇಡ, ಕೂತುಕೋ, ಇನ್ನೂ ಇದೆ.

ಆ ದಿನ ಹೊರರೋಗಿಗಳ ಕೋಣೆಯಲ್ಲಿ ಕೂತಿದ್ದವನು ಮೌನಿ. ಹೆಸರು ಕಂಡ ಕೂಡಲೇ ಕಾಗದ ಮಡಚಬೇಡ. ಅಪ್ಪನೇ ಇಟ್ಟ ಹೆಸರು ಅದು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಲೆಕ್ಕದಲ್ಲಿ ನಮ್ಮ ಮಹಡಿಯ ಕೋಣೆಯಲ್ಲಿದ್ದು ಅಪ್ಪನಿಂದ ಆಪರೇಷನ್ ಕಲಿತ ಈ ಹುಡುಗ ದೊಡ್ಡ ಶ್ರೀಮಂತ. ನೀನು "ನನ್ನ ಅಪ್ಪನನ್ನ ಕೊಂದವನು" ಎಂದು ಕರೆಯುವವನು. ನನ್ನನ್ನು ಕಂಡು ಎದ್ದು ನಿಂತ. ಏನೂ ಕೇಳದೆ ನನ್ನ ಕೈ ತೆಗೆದುಕೊಂಡು ಎರಡು ಬೆರಳು ಇಟ್ಟ, ಕಣ್ಣು ಚಾವಣಿಯ ಕಡೆ ಹೋಯಿತು. ಪುಟ್ಟಿ, ಅದೇ ಜಾಗ, ಅದೇ ಒತ್ತು, ಅದೇ ತಡ. ಎದುರಿಗೆ ಇವನಿದ್ದ, ಕೈ ಮೇಲೆ ಅವರಿದ್ದರು.

ಈಗ ಸಭೆಯಲ್ಲಿ ಓದಬಾರದ ಮಾತು ಹೇಳುತ್ತೇನೆ. ನಿನ್ನ ಅಪ್ಪ ಈ ಹುಡುಗನಿಗೆ ಅನ್ಯಾಯ ಮಾಡಿದರು. ಎದೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿದೆ ಎಂದು ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಈ ರೋಗಿ ಆಗಲಿ, ಆ ರೋಗಿ ಆಗಲಿ ಎಂದು ತಳ್ಳುತ್ತಾ ಹೋದರು. ನೀನು ದೊಡ್ಡ ಊರಿನ ದೊಡ್ಡ ಡಾಕ್ಟರನ್ನು ಗೊತ್ತು ಮಾಡಿದೆ. ಅಪ್ಪ ಒಪ್ಪಲಿಲ್ಲ. "ನಾನು ಕಲಿಸಿದ ಕೈ ಮೇಲೆ ನನಗೇ ನಂಬಿಕೆ ಇಲ್ಲ ಅಂದ್ರೆ, ಇಷ್ಟು ವರ್ಷ ರೋಗಿಗಳನ್ನ ಅದೇ ಕೈಗೆ ಹೇಗೆ ಒಪ್ಪಿಸಿದೆ?" ಎಂದರು. ಮೌನಿ ಅಡುಗೆಮನೆಯ ಬಾಗಿಲಲ್ಲಿ ನಿಂತು "ಸರ್, ನನ್ನ ಕೈಯಲ್ಲಿ ಬೇಡ ಸರ್, ಬೇಡಿಕೋತೀನಿ" ಎಂದದ್ದು ನನ್ನ ಕಿವಿಯಾರೆ ಕೇಳಿದ್ದೇನೆ. ನೀನು ಆಗ ಇರಲಿಲ್ಲ. ಅದು ನಂಬಿಕೆಯೋ ಹಠವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಮೌನಿಯೇ ಒಪ್ಪಬೇಕಾಯಿತು, ಅವನು ಎದೆ ತೆರೆಯುವಷ್ಟರಲ್ಲೇ ಆ ನಾಳ ಒಡೆಯಿತು. ಯಾರು ತೆರೆದಿದ್ದರೂ ಒಡೆಯುತ್ತಿತ್ತು ಎಂದು ಆಮೇಲೆ ನೋಡಿದವರೆಲ್ಲ ಹೇಳಿದರು. ನೀನು ಕೇಳಿಸಿಕೊಳ್ಳಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ನಿನಗೆ ಮನಸ್ಸು ಬರಲಿಲ್ಲ, ಹತ್ತಿರ ಸಿಕ್ಕವನ ಮೇಲೆ ಮಾಡಿಕೊಂಡೆ. ನನಗೆ ಅವರ ಮೇಲೆಯೇ ಸಿಟ್ಟು ಬಂತು. ಫೋಟೋದ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಿದ್ದೇನೆ.

ಅವರದ್ದೊಂದು ಪದ್ಧತಿ ಇತ್ತು, ನೆನಪಿದೆಯಾ? ತಮ್ಮ ಕೈಯಲ್ಲಿ ಯಾರಾದರೂ ಹೋದರೆ ಒಂದೆರಡು ದಿನ ಬಿಟ್ಟು ಆ ಮನೆಗೆ ಹೋಗಿ ಕೂತು ಬರುತ್ತಿದ್ದರು. ಸಮಾಧಾನ ಹೇಳಲು ಅಲ್ಲ. ಮನೆಯವರಿಗೆ ಬೈಯಬೇಕು ಅನ್ನಿಸಿದರೆ ಬೈಯಲಿ, ಎದುರಿಗೆ ಒಬ್ಬ ಮನುಷ್ಯ ಇರಬೇಕು ಎಂದು. ಒಂದು ಸಲ ಅಂಗಿ ಹರಿಸಿಕೊಂಡು ಬಂದರು. ಮರುದಿನ ಮತ್ತೆ ಆಪರೇಷನ್ ಮಾಡಿದರು. ಬೈಸಿಕೊಳ್ಳದವನ ಕೈ ಏಳುವುದಿಲ್ಲ ಎಂದು ಶಿಷ್ಯರಿಗೂ ಅದನ್ನೇ ಕಲಿಸಿದರು.

ಮೌನಿ ನಮ್ಮ ಮನೆಗೂ ಬಂದ. ಗುರುವಿನ ಮನೆಗೆ, ತಾನು ಉಂಡು ಮಲಗಿದ ಮನೆಗೆ. ನೀನು ಬಾಗಿಲು ತೆರೆದೆ, ಅವನ ಮುಖ ನೋಡಿದೆ, ಒಂದು ಮಾತೂ ಆಡದೆ ಮುಚ್ಚಿದೆ. ನಾನು ಒಳಗೆ ಹಾಸಿಗೆಯಲ್ಲಿದ್ದೆ, ಏಳುವ ಶಕ್ತಿ ಇರಲಿಲ್ಲ. ಹಾಳಾಗಿ ಹೋಗು ಎಂದಿದ್ದರೂ ಸಾಕಿತ್ತು ಅವನಿಗೆ. ಬೈಸಿಕೊಳ್ಳಲು ಬಂದವನಿಗೆ ಬೈಗುಳವೂ ಸಿಗಲಿಲ್ಲ. ಅವತ್ತಿನಿಂದ ಅವನು ಮೇಜಿನ ಬಲಗಡೆ ನಿಂತಿಲ್ಲ. ಆಪರೇಷನ್ ಮಾಡುವವರು ನಿಲ್ಲುವುದು ಅಲ್ಲಿ. ಇವನು ಎಡಗಡೆ, ಬೇರೆಯವರಿಗೆ ಸಹಾಯಕ್ಕೆ. "ಅವನು ಎಡಗಡೆ ನಿಂತು ನಮ್ಮ ತಪ್ಪು ತಿದ್ದುತ್ತಾನೆ ಕಣಮ್ಮ, ಅವನ ತಲೆಗೆ ಮಾತ್ರ ಯಾರೂ ಬುದ್ಧಿ ತುಂಬೋಕಾಗ್ತಿಲ್ಲ" ಎಂದು ಅಲ್ಲಿನ ಹಿರಿಯ ಡಾಕ್ಟರೇ ನನಗೆ ಹೇಳಿದರು.

ನನ್ನ ಎದೆ ತೆರೆಯುವವನು ಮೌನಿಯೇ ಆಗಬೇಕು. ಯಾರನ್ನೋ ಉದ್ಧಾರ ಮಾಡಲು ಜೀವ ಒತ್ತೆಯಿಡುವಷ್ಟು ದೊಡ್ಡವಳಲ್ಲ ನಾನು. ನನಗೆ ಬದುಕುವ ಆಸೆ ಬೆಟ್ಟದಷ್ಟಿದೆ. ಒಳ್ಳೆಯ ಕೈ ಯಾವುದು ಎಂದು ಇಷ್ಟು ವರ್ಷ ಒಬ್ಬ ಸರ್ಜನ್ನಿನ ಜೊತೆ ಬಾಳಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಅವನನ್ನು ಕೇಳಿದೆ. "ಅಕ್ಕ ಒಂದ್ಸಲ ನನ್ನ ಬೈಲಿ ಅಮ್ಮಾ. ಬೈದು, ಆಮೇಲೆ ಮಾಡು ಅನ್ಲಿ. ಅಲ್ಲೀವರೆಗೆ ನನ್ನ ಕೈಲಾಗಲ್ಲ" ಎಂದ. ಬೇರೆ ಯಾರ ಹತ್ತಿರವೂ ನಾನು ಹೋಗುವುದಿಲ್ಲ. ನನ್ನ ಹಠ ನಿನಗೆ ಗೊತ್ತು, ನಿನಗೂ ಇಲ್ಲಿಂದಲೇ ಬಂದದ್ದು.

ಕ್ಷಮಿಸು ಎಂದು ನಿನ್ನನ್ನು ಕೇಳುತ್ತಿಲ್ಲ. ಬಂದು ಬೈ. ಎದುರಿಗೆ ಕೂರಿಸಿಕೊಂಡು, ಒಂದು ವರ್ಷದ್ದು ಎಲ್ಲ ಸೇರಿಸಿ, ಬೇಕಾದರೆ ಅಂಗಿ ಹರಿದು ಬೈ. ಅತ್ತರೆ ಅಳು. ನಾನು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುತ್ತೇನೆ. ಸಭೆಯ ದಿನದ ತನಕ ಕಾಯಬೇಡ, ನನ್ನ ಕವಾಟ ಕಾಯುವುದಿಲ್ಲ.

ನಿನ್ನ ದಾರಿ ನೋಡುತ್ತಾ ಕೂತಿರುವ,
ಅಮ್ಮ

ಮರೆತ ಮಾತು: ಇದನ್ನು ನಾನೇ ಬರೆಯಬಹುದಿತ್ತು, ಕಣ್ಣು ಕೈ ಎರಡೂ ಚೆನ್ನಾಗಿವೆ. ಮಂಜು ಮಂಜು ಕಾಣುತ್ತದೆ ಎಂದು ಸುಳ್ಳು ಹೇಳಿ ಮೌನಿಯನ್ನು ಕೂರಿಸಿ ಬರೆಸಿದೆ. ಸುಳ್ಳೆಂದು ಅವನಿಗೂ ಈಗಲೇ ಗೊತ್ತಾಗುತ್ತಿದೆ, ತಲೆ ಎತ್ತದೆ ಬರೆಯುತ್ತಿದ್ದಾನೆ. ಬಾಗಿಲು ಮುಚ್ಚಿದ ಮಾತು ಬಂದಾಗ ಪೆನ್ನು ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತ, ಮತ್ತೆ ತಾನೇ ಬಂದು ಕೂತ. ಆ ಸಾಲು ತೆಗೆದು ನೋಡು, ಒಂದು ಅಕ್ಷರ ನಡುಗಿದೆಯಾ? ಅಪ್ಪನ ಅಕ್ಷರ ಔಷಧಿ ಅಂಗಡಿಯವನಿಗೆ ಬಿಟ್ಟರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನೀನು ಹಾಸ್ಟೆಲಿನಲ್ಲಿದ್ದಾಗ ಅವರು ಹೇಳಿ ಇವನ ಕೈಯಲ್ಲೇ ನಿನಗೆ ಕಾಗದ ಬರೆಸುತ್ತಿದ್ದರು. ಹಾಗಾಗಿ ಮೊದಲ ಸಾಲಿಗೇ ಇದು ಯಾರ ಕೈ ಎಂದು ನಿನಗೆ ಗೊತ್ತಾಗಿರುತ್ತದೆ. ಆದರೂ ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದೀಯ.