ಟೇಪು ಮುಗಿದ ಮೇಲೆ ಹಾಡಿದ್ದು

14 ಜೂನ್ 2005, ಮಂಗಳವಾರ

ಇವತ್ತೂ ಮಧ್ಯಾಹ್ನದವರೆಗೆ ಕರೆಂಟ್ ಇಲ್ಲ. ಪಹಣಿ ಕೌಂಟರಿನ ಸಾಲು ಬಾಗಿಲು ದಾಟಿ ಬೇವಿನ ಗಿಡದವರೆಗೆ ಹೋಗಿತ್ತು. ಕರೆಂಟ್ ಬಂದ ಮೇಲೆ ಪ್ರಿಂಟರ್ ಕಾಗದ ನುಂಗಿತು. ಬೈಸಿಕೊಂಡಿದ್ದು ನಾನು. ಬೆನ್ನು ಹಿಡಿದುಕೊಂಡಿದೆ.

ಸಂಜೆ ಮಶಾಕಸಾಬರ ಸೈಬರ್‌ಗೆ. ಮನೆಗೆ ಹೋಗುವ ಮೊದಲು ಅರ್ಧ ತಾಸು... ದಿನದಲ್ಲಿ ನನ್ನದು ಅನ್ನುವುದು ಅಷ್ಟೇ. ಗಲ್ಲಾದ ಮೇಲೆ ಅವರ ಹೆಂಡತಿ ಶಮಶಾದಬಿ ಕೂತಿರುತ್ತಾರೆ, ಅದಕ್ಕೇ ಧೈರ್ಯ. "ಬರ್ರಿ ರೇಣುಕಾ ಬಾಯಾರ, ಮೂಲಿ ಮಶೀನ್ ಖಾಲಿ ಐತ್ರಿ" ಅಂದರು.

ಆಫೀಸಿಗೆ ಬಂದಿರುವ ಮೈಸೂರು ಕಡೆಯ ಹುಡುಗಿ ಇವತ್ತು ಕೇಳಿದಳು, ದಿನಾ ಸೈಬರ್‌ನಲ್ಲಿ ಏನು ಮಾಡ್ತೀರಿ ಮೇಡಂ ಅಂತ. ಹಾಡಿನ ಗ್ರೂಪು ಅಂದೆ. ಹರದೇಶಿ-ನಾಗೇಶಿ. ಗಂಡು ಮೇಲು ಅಂತ ಹರದೇಶಿ ಮೇಳ, ಹೆಣ್ಣು ಮೇಲು ಅಂತ ನಾಗೇಶಿ ಮೇಳ, ಬೆಳತನಕ ಸವಾಲು-ಜವಾಬು. ಯಾರು ಗೆಲ್ಲುತ್ತಾರೆ ಅಂದಳು. ನಾಗೇಶಿ ಹಾಡುವ ದೇವಣಗಾಂವದ ಶೇವಂತೆವ್ವ ಅಂದೆ. ನಕ್ಕಳು.

ಗ್ರೂಪಿನಲ್ಲಿ ನಾವು ನಲವತ್ತು ಜನ. ಯಾರ ಮುಖವೂ ಯಾರಿಗೂ ಗೊತ್ತಿಲ್ಲ. ಸಿದ್ದಲಿಂಗ ಅದರ ಯಜಮಾನ, ಪುಣೆಯಲ್ಲಿ ಬ್ಯಾಂಕು. ಖಾಜಾಸಾಬ ಸಿಂದಗಿಯವನು, ದುಬೈಯಲ್ಲಿ ಏಸಿ ರಿಪೇರಿ ಮಾಡುತ್ತಾನೆ. ಇನ್ನೊಬ್ಬರು 'ಎಚ್‌ಡಿ ಮಾಸ್ತರ'. ಹೆಡ್‌ಮಾಸ್ತರೋ, ಹರದೇಶಿ ಮಾಸ್ತರೋ, ಕೇಳಿದರೆ ಹೇಳುವುದಿಲ್ಲ. ಎಲ್ಲರೂ ಶೇವಂತೆವ್ವನ ಕಡೆ, ಅವರೊಬ್ಬರು ಎದುರು.

17 ಜೂನ್, ಶುಕ್ರವಾರ

ಮಾಸ್ತರರ ಜೊತೆ ಮತ್ತೆ ಜಗಳ. ಚಡಚಣದ ಟೇಪಿನ ಮೇಲೆ.

ಎಂಬತ್ನಾಲ್ಕರ ಟೇಪು ಅದು. ಎರಡು ತಿಂಗಳ ಹಿಂದೆ ನಾನೇ ಕಂಪ್ಯೂಟರಿಗೆ ವೈರು ಚುಚ್ಚಿ ಎಂಪಿತ್ರೀ ಮಾಡಿ ಹಾಕಿದ್ದು. ಎರಡು ಭಾನುವಾರ ಹೋಯಿತು. ಅದರ ಕೊನೆಯಲ್ಲಿ ಶೇವಂತೆವ್ವ ಎದುರಾಳಿ ಸೋಮನಿಂಗನಿಗೆ ಸವಾಲು ಹಾಕುತ್ತಾಳೆ. ಬಾಯಿಪಾಠ ಆಗಿದೆ ನನಗೆ —

ಹಿಂಡ ನಂದು, ಉಣ್ಣಿ ನಂದು, ನೂತದ್ದು ನನ ಕೈಯಿ,
ಕಂಬಳಿ ನಿಂದಂತ ಹೊತಗೊಂಡ ನಿಂತಿ, ಹೆಂಗ ಹೇಳೋ ತಮ್ಮಾ?

ಜನ ಹೋ ಅನ್ನುತ್ತಾರೆ, ಸೀಟಿ ಹೊಡೆಯುತ್ತಾರೆ. ಆಮೇಲೆ ಎಲ್ಲ ಸುಮ್ಮನೆ. ಸೋಮನಿಂಗನ ದನಿಯೇ ಇಲ್ಲ. ಟೇಪು ಟಕ್ ಅಂತ ನಿಲ್ಲುತ್ತದೆ.

"ಅಲ್ಲಿಗೆ ಹರದೇಶಿ ಖಲಾಸ್" ಅಂತ ಸಿದ್ದಲಿಂಗ ಬರೆದ. ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರು.

ಮಾಸ್ತರರು ಬರೆದರು: "ಟೇಪ್ ಮುಗದ್ರ ಹಾಡ ಮುಗದಂಗೇನ್ರಿ?"

"ಮತ್ತ ಜವಾಬ್ ಎಲ್ಲೈತಿ, ಕೇಳಸ್ರಿ" ಅಂದೆ ನಾನು.

ಮಾಸ್ತರರು ಹೋಗಿಬಿಟ್ಟರು. ಸಿಟ್ಟಿನ ಮನುಷ್ಯ. ಆದರೆ ಉಳಿದವರು ಬರೇ 'ವ್ಹಾ ವ್ಹಾ' ಅನ್ನುವಾಗ ಅವರೊಬ್ಬರೇ ತುಂತುಣಿಯ ತಂತಿ ಯಾವ ನುಡಿಗೆ ಶ್ರುತಿ ಬಿಟ್ಟಿದೆ ಅಂತ ಹೇಳುತ್ತಾರೆ. ಅವರು ಇಲ್ಲದ ದಿನ ಗ್ರೂಪು ಸಪ್ಪೆ.

2 ಜುಲೈ, ಶನಿವಾರ

ಸಿದ್ದಲಿಂಗ ಹೋದ ವಾರ ಆ ಕೊನೆಯ ಭಾಗವನ್ನಷ್ಟೇ ಕತ್ತರಿಸಿ ಚಿಕ್ಕ ಫೈಲು ಮಾಡಿ ಹಾಕಿದ್ದಾನೆ. ಸವಾಲು, ಸೀಟಿ, ಮೌನ. ಮೌನ ಆದ ಮೇಲೆ ಯಾವುದೋ ಡಬ್ಬಿ ಉರುಳಿದ ಸದ್ದು ಸೇರಿಸಿದ್ದಾನೆ. ಹೆಸರು 'ಸೋಮನಿಂಗ ಚುಪ್'.

ನಮ್ಮವರದು ಲೈನ್‌ಮನ್ ಕೆಲಸ. ಇವತ್ತು ಮನೆಗೆ ಬಂದವರೇ, "ನಿನ್ನ ಮುದುಕಿ ನಮ್ಮ ಸಬ್‌ಸ್ಟೇಶನ್ನಿಗೂ ಬಂದಾಳ ನೋಡು" ಅಂದರು. ಅವರ ಆಫೀಸಿನ ಯಾರದೋ ಮೊಬೈಲಿನ ರಿಂಗ್‌ಟೋನ್ ಅದು! ಎಲ್ಲಿಂದ ಎಲ್ಲಿಗೆ... ಇಬ್ಬರೂ ನಕ್ಕೆವು. ಎಷ್ಟು ದಿನವಾಗಿತ್ತು ಇಬ್ಬರೂ ಒಟ್ಟಿಗೆ ನಕ್ಕು.

19 ಜುಲೈ, ಮಂಗಳವಾರ

ಬರೆಯಲು ಆಗಿರಲಿಲ್ಲ. ಬಿತ್ತಿಗೆಯ ಗದ್ದಲ. ದಿನಾ ಅದೇ ಸಾಲು, ಅದೇ ಬೈಗುಳ. ರಾತ್ರಿ ಕಣ್ಣು ಮುಚ್ಚಿದರೆ ಸರ್ವೆ ನಂಬರು ಕಾಣುತ್ತವೆ.

ಮಾಸ್ತರರು ಎರಡು ವಾರದಿಂದ ಗ್ರೂಪಿಗೆ ಬಂದಿರಲಿಲ್ಲ. ಇವತ್ತು ನಾನು ಕೂತ ಕೂಡಲೇ ನನಗೊಬ್ಬಳಿಗೇ ಚಾಟ್ ಕಿಟಕಿ ತೆರೆದರು.

"ಬಾಯಾರ, ಆ ಚುಪ್ ಅನ್ನೂದನ್ನ ತಗಸ್ರಿ."

"ಯಾಕ್ರಿ ಮಾಸ್ತರ? ಚಾಷ್ಟಿಗೆ ಮಾಡ್ಯಾರ, ಬಿಡ್ರಿ."

  ಆಮೇಲೆ ಒಂದೊಂದೇ ಸಾಲು ಬರತೊಡಗಿತು.

"ನಿನ್ನೆ ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನ್ಯಾಗ ನಿಂತಿದ್ನಿ. ಯಾರದೋ ಫೋನ್ ಹೊಡಕೊಂತು. ಅದೇ ಹಾಡು. ನನ್ನ ಮಗಳು ಬಾಜೂಕ ಇದ್ದಳು. ಜನ ನಗಾಕತ್ತಿದ್ರು. ಆಕಿನೂ ನಕ್ಕಳು. ಆಮ್ಯಾಲ ಯಾರೋ 'ಸೋಮನಿಂಗ ಚುಪ್' ಅಂದದ್ದ ಕೇಳಿ ನನ್ನ ಮಾರಿ ನೋಡಿದಳು. ಅಪ್ಪಾ, ಇದರಾಗ ಚುಪ್ ಆದಾಂವ ನೀ ಏನು ಅಂದಳು."

ಎರಡು ಸಲ ಓದಿ ಟೈಪು ಮಾಡಿದೆ.

"ನೀವು ಸೋಮನಿಂಗ ಏನ್ರಿ?"

"ಹೌದ್ರಿ. ಸಾಲಿ ಮಾಸ್ತರ ಇದ್ನಿ, ಹೋದ ವರ್ಷ ರಿಟೈರ್ ಆದ್ನಿ. ಆ ಟೇಪ್ ಬಂದ ಮ್ಯಾಲ ನನ್ನ ಮ್ಯಾಳ ಯಾರೂ ಕರೀಲಿಲ್ಲ. ಬಿಟ್ಟಕೊಟ್ಟೆ. ಮೂರ್ ತಾಲೂಕಿನ್ಯಾಗ ಇದ್ದ ಮಾತು, ಮುದುಕ್ರು ಸತ್ತಂಗ ಸಾಯತೈತಿ ಅಂದಕೊಂಡಿದ್ನಿ. ನೀವು ಲೋಕಕ್ಕೆಲ್ಲ ಹಚ್ಚಿದ್ರಿ."

"ಜವಾಬ್ ಕೊಟ್ಟಿದ್ರೇನ್ರಿ ಅವತ್ತ?"

"ಕೊಟ್ಟಿದ್ನಿ. ಟೇಪ್ ಮುಗದಿತ್ತು. ಬ್ಯಾರೆ ಟೇಪ್ ಹಾಕೂತನಕ ಹಾಡವರು ನಿಂದರತಾರೇನು?"

"ಏನಂತ ಹಾಡಿದ್ರಿ?"

"ನಾ ಹೇಳಿದ್ರ ಈಗ ಕಟ್ಟ್ಯಾನ ಅಂತೀರಿ."

ಹೋದರು. ಸಿದ್ದಲಿಂಗನಿಗೆ ಬರೆದೆ, ಆ ಫೈಲು ತೆಗೆ ಅಂತ. "ಆಂವ ಸೋಮನಿಂಗ ಅನ್ನೂದಕ್ಕ ಪುರಾವೆ ಏನೈತಿ? ಇದ್ರೂ ಸೋತಾಂವ ಸೋತಾಂವನ" ಅಂತ ಉತ್ತರ ಬಂತು.

 ಎರಡು ಭಾನುವಾರ ಕೂತು ಮಾಡಿದ ಕೆಲಸ ನನ್ನದು. ಒಬ್ಬ ಮನುಷ್ಯ ತನ್ನ ಮಗಳ ಮುಂದೆ ಹೀಗೆ ನಿಂತ.

24 ಜುಲೈ, ಭಾನುವಾರ

ದೇವಣಗಾಂವಕ್ಕೆ ಹೋಗಿ ಬಂದೆವು. ನಮ್ಮವರಿಗೆ ಒಂದೇ ರಜೆ, ಅದನ್ನೂ ಕೊಟ್ಟರು. ಗಾಡಿಯ ಮೇಲೆ ಹೋಗಿ ಬಂದು ಸೊಂಟ ಸತ್ತಿದೆ. ಭೀಮೆ ಕೆಂಪಗೆ ತುಂಬಿ ಹರಿಯುತ್ತಿದ್ದಳು.

ಶೇವಂತೆವ್ವ! ಹದಿನೈದು ವರ್ಷದಿಂದ ಕೇಳಿದ ದನಿ, ಇವತ್ತು ಮೊದಲ ಸಲ ಮುಖ. ಬಾಗಿಲಲ್ಲಿ ಕಾಲು ಚಾಚಿ ಕಡಲೆ ಹಸನು ಮಾಡುತ್ತಿದ್ದಳು. ಮೊಣಕಾಲಿಗೆ ಎಣ್ಣೆಯ ಬಟ್ಟೆ ಸುತ್ತಿದೆ. ಸೊಸೆ ಚಂದವ್ವ ಚಾಪೆ ಹಾಸಿದಳು, ಚಹಾ ಕೊಟ್ಟಳು.

ವಿಷಯ ಹೇಳಿದೆ. ಮುದುಕಿ ಕೈ ನಿಲ್ಲಿಸಲಿಲ್ಲ.

"ಕೇಳೇನಿ ಅದನ್ನ. ನಮ್ಮ ಓಣಿ ಹುಡುಗ್ರು ಹಚ್ಚತಾವ. ನನಗ ಸೇರಂಗಿಲ್ಲ. ಅರ್ಧಾ ಹಾಡು ಅದು."

"ಮಾಸ್ತರ ಜವಾಬ್ ಕೊಟ್ಟಿದ್ರೇನ್ರಿ ಆಯಿ?"

"ಕೊಡದೇನ? ಸೀಟಿ ನಿಲ್ಲೂತನಕ ತಡದ. ಜಾಣ ಇದ್ದ. ಜನ ಸುಮ್ಮನಾದ ಮ್ಯಾಲ ಸಣ್ಣ ದನಿಲೆ ಎತ್ತಿದ. ಅಷ್ಟೂ ಮಂದಿ ಮುಂದ ಬಾಗಿ ಕೇಳಬೇಕು, ಹಂಗ."

"ನಿಮಗ ನೆನಪೈತೇನ್ರಿ?"

ಮೊರ ಬದಿಗಿಟ್ಟಳು. ಖಾಜಾಸಾಬ ದುಬೈಯಿಂದ ಕಳಿಸಿದ ಸಣ್ಣ ರೆಕಾರ್ಡರ್ ಹೊರತೆಗೆದೆ. ಕಡ್ಡಿಪೆಟ್ಟಿಗೆಯಷ್ಟು ದೊಡ್ಡದು.

"ಇದರಾಗ ಎಷ್ಟು ಹಿಡಸತೈತಿ?"

"ಬೆಳತನಕ ಹಾಡಿದ್ರೂ ಹಿಡಸತೈತ್ರಿ."

"ಆಗ ಇದು ಇದ್ದಿದ್ರ ಮಾಸ್ತರನ ಬಾಳೇವ ಉಳೀತಿತ್ತು" ಅಂದಳು. ನಗಲಿಲ್ಲ.

ಎಡಗಿವಿಗೆ ಕೈ ಹಚ್ಚಿ ಹಾಡಿದಳು. ಮೊದಲು ತನ್ನ ಸವಾಲು. ಆಮೇಲೆ ಸ್ವಲ್ಪ ಬಿಟ್ಟು, ದನಿ ಇಳಿಸಿ, ಅವರ ಜವಾಬು.

ನಂದಂತ ನಾನು ಹೊತ್ತಿಲ್ಲ ತಂಗಿ, ನಿಂದಂತ ಕಸದಿಲ್ಲ,
ನಡುರಾತ್ರಿ ಚಳಿ ಯಾರಿಗಿ ಹತ್ತೇತಿ, ಅವರ ಮ್ಯಾಲ ಹೊಚ್ಚೇನಿ.

ದನಿ ಒಡೆದಿದೆ. ಮೇಲಿನ ಸ್ವರ ಹತ್ತುವುದಿಲ್ಲ. ಆದರೂ ಮೈ ಜುಮ್ ಅಂತು. ಅಂಗಳದಲ್ಲಿ ನಿಂತಿದ್ದ ನಮ್ಮವರು ಒಳಗೆ ಬಂದು ಕೂತರು.

"ಮುಂದ ನೀವ ಏನ್ ಸವಾಲ್ ಹಾಕಿದ್ರಿ?" ಅವರೇ ಕೇಳಿದರು.

"ಹಾಕಲಿಲ್ಲೋ ಯಪ್ಪಾ. ಬರಲಿಲ್ಲ ನನಗ. ನೀರು ಕೊಡ್ರಿ ಅಂದೆ. ಅಷ್ಟರಾಗ ಬೆಳಕ ಹರೀತು, ಮಂದಿ ಎದ್ದರು. ಅವತ್ತ ಚುಪ್ ಆದಾಕಿ ನಾ."

 ಇದನ್ನು ಗ್ರೂಪಿಗೆ ಹಾಕಲೇ ಅಂತ ಕೇಳಿದೆ.

"ಹಾಕು. ನಂದೇನ ಹೋಗತೈತಿ" ಅಂದು ಮೊರ ಎಳೆದುಕೊಂಡಳು.

27 ಜುಲೈ, ಬುಧವಾರ

ನಿನ್ನೆ ಹಾಕಿದೆ. ಡಯಲ್‌ಅಪ್ ಮೂರು ಸಲ ಕಡಿದು ಹೋಯಿತು. ಶಮಶಾದಬಿ ಅಂಗಡಿ ಮುಚ್ಚುವ ಹೊತ್ತಾದರೂ "ಆಗಲಿ ಕುಂದರ್ರಿ" ಅಂದರು.

ಇವತ್ತು ನೋಡಿದರೆ ಫೈಲು ಇಲ್ಲ. ಸಿದ್ದಲಿಂಗ ತೆಗೆದಿದ್ದಾನೆ. "ವಯಸ್ಸಾಗೈತಿ ಆಯಿಗೆ, ಮರವು. ಆಕಿ ಹೆಸರು ಕೆಡಸಬ್ಯಾಡ್ರಿ" ಅಂತ ಬರೆದಿದ್ದಾನೆ. ಇನ್ನೊಬ್ಬ ನನ್ನನ್ನು ಹರದೇಶಿಗೆ ಮಾರಿಕೊಂಡವಳು ಅಂದ. ಯಾರಂತಲೇ ಗೊತ್ತಿಲ್ಲ ಅವನು. ಆಕೆಯ ಹಾಡು ಅಂದರೆ ಪ್ರಾಣ ಅನ್ನುವವರು, ಆಕೆ ಹಾಡಿದ್ದನ್ನೇ ಕೇಳಲು ತಯಾರಿಲ್ಲ.

ಖಾಜಾಸಾಬ ಮಾತ್ರ ತೆಗೆಯುವ ಮೊದಲೇ ಇಳಿಸಿಕೊಂಡಿದ್ದ. "ಶಿಫ್ಟ್ ಮುಗಿಸಿ ಬಂದು ಕೇಳೀನಿ ಅಕ್ಕಾ. ರೂಮಿನ್ಯಾಗ ಎಂಟ್ ಮಂದಿ ಅದಾರ, ಯಾರಿಗೂ ಕನ್ನಡ ಬರಂಗಿಲ್ಲ, ಎಲ್ಲಾರೂ ಸುಮ್ಮನ ಕುಂತ ಕೇಳಿದ್ರು. ಆಕಿನ ಹಾಡ್ಯಾಳಂದ್ರ ಇನ್ನೇನ ಪುರಾವೆ ಬೇಕು?"

ಜಗಳ ಆಡುವ ಶಕ್ತಿ ಇಲ್ಲ. ಇಡೀ ದಿನ ಜನರ ಜೊತೆ ಜಗಳವೇ. ಫೈಲನ್ನು ಮಾಸ್ತರರಿಗೆ ಮೇಲ್ ಮಾಡಿ ಎದ್ದು ಬಂದೆ.

29 ಜುಲೈ, ಶುಕ್ರವಾರ

ಮಾಸ್ತರರ ಉತ್ತರ. ಒಂದೇ ಸಾಲು.

"ಒಂದ ಶಬ್ದ ತಪ್ಪೈತಿ. ನಾ ತಂಗಿ ಅಂದಿಲ್ಲ."

ಸಿಟ್ಟು ಬಂತು ನನಗೆ. ಇಷ್ಟೆಲ್ಲ ಮಾಡಿದ್ದಕ್ಕೆ ಇದಾ? ಮತ್ತೇನು ಅಂದಿರಿ ಅಂತ ಕೇಳಿದೆ. ಚಾಟ್ ಕಿಟಕಿಯಲ್ಲೇ ಇದ್ದರು, ಕೂಡಲೇ ಬಂತು.

"ಅವ್ವಾ ಅಂದೀನಿ."

ಹೆಣ್ಣು ಕೆಳಗೆ ಅಂತ ಹಾಡಲು ನಿಂತ ಹರದೇಶಿಯವನು. ತುಂಬಿದ ಮಂದಿಯ ಮುಂದೆ, ಅವ್ವಾ ಅಂದ. ಗೆಲ್ಲುವ ಜವಾಬಿನಲ್ಲೇ ಆಕೆಗೆ ಕೈ ಮುಗಿದ ಹಾಗೆ. ಅದಕ್ಕೇ ಏನೋ ಆಕೆಗೆ ಮುಂದಿನ ಸವಾಲು ಬರಲಿಲ್ಲ.

"ಹೊಳಿ ನೀರ ಇಳೀಲಿ. ನಾ ದೇವಣಗಾಂವಕ್ಕ ಬರ್ತೇನಿ. ಅದನ್ನ ತಿದ್ದಬೇಕು" ಅಂದರು.

14 ಆಗಸ್ಟ್, ಭಾನುವಾರ

ಹೊಳೆ ಇಳಿದ ಮೇಲೆ ಬಸ್ಸು ಬಿಟ್ಟರು. ಮಾಸ್ತರರು ಮುದ್ದೇಬಿಹಾಳದಿಂದ ಎರಡು ಬಸ್ಸು ಬದಲಿಸಿ ಬಂದರು. ತೆಳ್ಳನೆಯ ಮನುಷ್ಯ, ಇಸ್ತ್ರಿ ಅಂಗಿ. ಜೊತೆಗೆ ಮಗಳು ರಾಜೇಶ್ವರಿ.

ಶೇವಂತೆವ್ವ ಕೂತಲ್ಲಿಂದಲೇ, "ಬಾ ಮಾಸ್ತರ. ಕೂದಲೆಲ್ಲ ಎಲ್ಲಿ ಬಿಟ್ಟಿ?" ಅಂದಳು.

"ಸರ್ಕಾರಕ್ಕ ಕೊಟ್ಟೆ. ಪೆನ್ಷನ್ ಬ್ಯಾಡೇನು?"

 ಚಹಾ ಆರಿತು. ಕೊನೆಗೆ ಮಾಸ್ತರರೇ ಶುರು ಮಾಡಿದರು.

"ತಂಗಿ ಅಂತ ಯಾಕ ಹಾಡಿದಿ?"

"ನನ್ನ ಬಾಯಿಲೆ ನಾನ ಅವ್ವಾ ಅಂತ ಹೆಂಗ ಹಾಡ್ಕೊಳ್ಳಲಿ? ಅದು ನೀ ಹಾಡೂ ಶಬ್ದ."

 ಮಗಳು ಮೆಲ್ಲಗೆ, "ಹಾಡು ಅಪ್ಪಾ" ಅಂದಳು. ಅವಳು ಅವರ ಹಾಡು ಕೇಳಿಯೇ ಇರಲಿಲ್ಲವಂತೆ.

ಹಾಡಿದರು. ಮೊದಲ ಸಲ ಕೆಮ್ಮು ಬಂತು. ಎರಡನೇ ಸಲ ಎತ್ತಿದಾಗ ಶೇವಂತೆವ್ವ ತೊಡೆಯ ಮೇಲೆ ತಾಳ ಹಾಕಿದಳು, ತಾನೇ ಹಿಂದಿನಿಂದ ಮೇಳದವರ ಹಾಗೆ ಜೀ ಜೀ ಅಂದಳು. 'ಅವ್ವಾ' ಅನ್ನುವಲ್ಲಿ ಅವರ ದನಿ ನಿಂತಿತು. ಆಕೆ ಹಿಡಿದು ಮುಂದೆ ಸಾಗಿಸಿದಳು.

ರೆಕಾರ್ಡರ್ ಓಡುತ್ತಿತ್ತು. ಹಾಡು ಮುಗಿದ ಮೇಲೂ ಬಂದ್ ಮಾಡಲಿಲ್ಲ. ಮೊಣಕಾಲು, ಸಕ್ಕರೆ ಕಾಯಿಲೆ, ಯಾವ ಮೇಳದವರು ಯಾರು ಉಳಿದಿದ್ದಾರೆ ಅನ್ನುವ ಮಾತು... ಎಲ್ಲ ಅದರಲ್ಲಿದೆ. ಮಗಳು ಬಸ್ಸಿನವರೆಗೂ ಅಪ್ಪನ ಕೈ ಬಿಡಲಿಲ್ಲ.

22 ಆಗಸ್ಟ್, ಸೋಮವಾರ

ಖಾಜಾಸಾಬ ಬೇರೆ ಗ್ರೂಪು ಮಾಡಿದ್ದಾನೆ. ಹಾಡು ಅಲ್ಲಿದೆ. ಇಲ್ಲಿಯವರೆಗೆ ಏಳು ಜನ ಬಂದಿದ್ದಾರೆ. ಮಾಸ್ತರರು ಎಂಟನೆಯವರಾಗಲು ಒಪ್ಪಿಲ್ಲ, "ನನ್ನ ಹಾಡಿಗೆ ನಾನ ಕುಂತ ವ್ಹಾ ಅನ್ನಲೇನು" ಅಂದರು.

ಚುಪ್ ಅನ್ನುವುದು ಎಷ್ಟು ಫೋನಿನಲ್ಲಿ ಇದೆಯೋ ಲೆಕ್ಕವಿಲ್ಲ. ಅದನ್ನು ವಾಪಸ್ ಕರೆಯಲು ಆಗುವುದಿಲ್ಲ. ಸುಸ್ತು. ಮಲಗುತ್ತೇನೆ.

6 ಸೆಪ್ಟೆಂಬರ್, ಮಂಗಳವಾರ

ಕೌಂಟರಿನಲ್ಲಿ ಇವತ್ತು ಒಬ್ಬ ರೈತನ ಫೋನ್ ಹೊಡೆದುಕೊಂಡಿತು. ಸವಾಲು, ಸೀಟಿ, ಡಬ್ಬಿ. ಸಾಲಿನಲ್ಲಿದ್ದವರೆಲ್ಲ ನಕ್ಕರು.

"ಅದರ ಮುಂದಿಂದು ಐತ್ರಿ" ಅಂದೆ. ಬಾಯಿಂದ ಬಂದುಬಿಟ್ಟಿತು.

"ಮೊದಲ ಪಹಣಿ ಕೊಡ್ರಿ ಬಾಯಾರ."

ಕೊಟ್ಟೆ. ಮಡಚಿ ಕಿಸೆಗೆ ಹಾಕಿಕೊಂಡ. ಹೋಗಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತ. "ಹಾಂ, ಈಗ ಹೇಳ್ರಿ. ಏನೈತಿ ಮುಂದ?"

ಮೈಸೂರಿನ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಪ್ರಿಂಟರ್ ಕಿರ್ ಅನ್ನುತ್ತಿತ್ತು. ನನಗೆ ಹಾಡಲು ಬರುವುದಿಲ್ಲ, ಜನ್ಮದಲ್ಲಿ ಹಾಡಿದವಳಲ್ಲ. ಆದರೂ ಹೇಳಿದೆ. ಹೇಳುತ್ತ ಹೇಳುತ್ತ ಅದು ಹಾಡೇ ಆಯಿತು. 'ಅವ್ವಾ' ಅಂದಾಗ ಸಾಲಿನ ತುದಿಯಿಂದ, ಬೇವಿನ ಗಿಡದ ಹತ್ತಿರದಿಂದ, ಯಾವನೋ ಮುದುಕ ಜೀ ಜೀ ಅಂದ. ನೋಟುಬುಕ್ಕಿನ ಕೊನೆಯ ಹಾಳೆ, ಒಂದೇ ಸಾಲು ಉಳಿದಿದೆ. ಆಮೇಲೆ ಏನಾಯಿತೆಂದರೆ —