ಮೈಲೆಕ್ಕದಲ್ಲಿ ಕೈಗಳಿಲ್ಲ

ಗದಗ, ೨೧೮೪ನೇ ಇಸವಿ, ಫೆಬ್ರುವರಿ ೩೦

೨೦೨೯ರ ಮಹನೀಯರೇ,

ಮನುಷ್ಯನಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕೆಂದು ಹೇಳುವ ಸೂತ್ರವನ್ನು ನಿಮ್ಮ ಈ ವರ್ಷದಲ್ಲೇ ನಿಮ್ಮದೊಂದು ಸಮಿತಿ ಬರೆಯಿತು. ಬರೆಯುವಾಗ, ನಿಂತಲ್ಲೇ ಕೈಯಿಂದ ಮಾಡುವ ದುಡಿಮೆಯನ್ನು ವಿಶ್ರಾಂತಿಗೆ ಸೇರಿಸಿಬಿಟ್ಟಿತು. ಆ ಅನ್ಯಾಯ ನಮ್ಮ ತಟ್ಟೆಗೆ ಇಂದಿಗೂ ಬೀಳುತ್ತಿದೆ. ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳುಗಳಿಗೆಲ್ಲ ಮೂವತ್ತೇ ದಿನ, ಉಳಿದ ದಿನಗಳಿಗೆ ತಿಂಗಳೇ ಇಲ್ಲ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ.

ಇಲ್ಲಿ ಮನೆಮನೆಗೆ ಒಲೆಯಿಲ್ಲ, ಓಣಿಗೊಂದು ಅಡುಗೆಮನೆ. ಯಾರಿಗೆ ಎಷ್ಟು ಬಡಿಸಬೇಕೆಂಬುದನ್ನು ನಿಮ್ಮ ಸೂತ್ರದಿಂದ ಹುಟ್ಟಿದ ಮೈಲೆಕ್ಕ ಹೇಳುತ್ತದೆ. ಪ್ರತಿ ಅಮಾವಾಸ್ಯೆಗೆ ಒಂದು ಹಲಗೆಯ ಮೇಲೆ ನಿಲ್ಲುತ್ತೇವೆ. ಮೈಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಅದು ತೋರಿಸುತ್ತದೆ. ಎಷ್ಟು ಓಡಾಡಿದೆವು ಎಂಬುದನ್ನು ಕಾಲಿಗೆ ಕಟ್ಟಿದ ಎಣಿಗೆಜ್ಜೆ ಹೇಳುತ್ತದೆ. ಸ್ನಾಯು ಹೆಚ್ಚಿದ ಮೈ ಸುಮ್ಮನೆ ಕೂತರೂ ಹೆಚ್ಚು ಕ್ಯಾಲೊರಿ ಉರಿಸುತ್ತದೆ, ದುಡಿದರೆ ಇನ್ನೂ ಹೆಚ್ಚು. ಇದರಲ್ಲಿ ನನ್ನ ತಕರಾರಿಲ್ಲ, ಹಳೆಯ ಪುಸ್ತಕಗಳನ್ನು ನಾನೂ ಓದಿದ್ದೇನೆ. ನನ್ನ ತಕರಾರು ದುಡಿಮೆಯನ್ನು ನೀವು ಕಾಲಲ್ಲಿ ಮಾತ್ರ ಹುಡುಕಿದ್ದಕ್ಕೆ.

ನನ್ನ ಅತ್ತಿಗೆ ಬಸಲಿಂಗವ್ವ ನಸುಕಿನಿಂದ ಮಧ್ಯಾಹ್ನದವರೆಗೆ ಓಣಿಗೆಲ್ಲ ಜೋಳದ ರೊಟ್ಟಿ ಬಡಿಯುತ್ತಾಳೆ. ಹಿಟ್ಟು ನಾದಿ ನಾದಿ ಭುಜ ಸೋಲುತ್ತದೆ, ಪಾದ ಮಾತ್ರ ಕದಲುವುದಿಲ್ಲ. ಎಣಿಗೆಜ್ಜೆಯ ಪ್ರಕಾರ ಆಕೆ ಮಲಗಿದ್ದಾಳೆ! ಗ್ರಂಥಾಲಯಕ್ಕೆ ನಡೆದು, ದಾರಿಯ ಕಟ್ಟೆಗಳಲ್ಲೆಲ್ಲ ವಾದ ಮಾಡಿ ಬರುವ ನಾನು ಕಷ್ಟಜೀವಿ. "ಊರ ಸುತ್ತಿ ದಣದ ಬಂದ್ಯಾ ಮೈದುನಾ? ಉಣ್ಣಪಾ, ನೀನ ಗಟ್ಟಿ ದುಡದಾಂವ" ಎಂದು ಆಕೆ ತನಗಿಂತ ಹೆಚ್ಚು ರೊಟ್ಟಿ ನನಗೆ ಬಡಿಸುತ್ತಾಳೆ.

ಊಟ ಸಾಲದೆ ಆಕೆಯ ಸ್ನಾಯು ಕರಗಿತು. ಸ್ನಾಯು ಕರಗಿದ್ದರಿಂದ, ಈ ಮೈಗೆ ಇನ್ನೂ ಕಡಿಮೆ ಸಾಕು ಎಂದಿತು ನಿಮ್ಮ ಸೂತ್ರ. ಪಾಲು ಕಡಿಮೆಯಾಯಿತು, ಮೈ ಮತ್ತೆ ಇಳಿಯಿತು. ತಾನೇ ಉಪವಾಸ ಕೆಡವಿ, ಆ ಸೊರಗಿದ ಮೈಯನ್ನೇ ಸಾಕ್ಷಿಗೆ ಕರೆಯುವ ಲೆಕ್ಕ ಇದು. ಕಳೆದ ತಿಂಗಳು ಆಕೆ ಒಲೆಯ ಮುಂದೆಯೇ ಕುಸಿದಳು.

ಎದ್ದವಳೇ ಗೆಜ್ಜೆ ಬಿಚ್ಚಿ ಮುಂಗೈಗೆ ಕಟ್ಟಿಕೊಂಡಳು. "ಇದು ಕಾಲಿಗೆ ಕಟ್ಟೂದು, ತಾಯಿ" ಎಂದ ಮೈಲೆಕ್ಕ ನೋಡಲು ಬಂದ ಅಧಿಕಾರಿ. "ಹೌದ್ರಿ ಸಾಹೇಬ್ರ? ಹಂಗಾದ್ರ ನಾಳಿಂದ ನಿಮಗ ರೊಟ್ಟಿ ಕಾಲಲೇ ಬಡೀತೀನಿ!" ಓಣಿ ನಕ್ಕಿತು. ಅವನು ಅದನ್ನು ಮೋಸವೆಂದು ಕರೆದು ಆಕೆಯ ಪಾಲನ್ನೇ ನಿಲ್ಲಿಸಿದ. ಅಂದಿನಿಂದ ಓಣಿಯವರೆಲ್ಲರ ಗೆಜ್ಜೆಯೂ ಮುಂಗೈಯಲ್ಲಿದೆ. ನಮ್ಮೆಲ್ಲರ ತಟ್ಟೆಯಿಂದ ಆಕೆ ಉಣ್ಣುತ್ತಾಳೆ. ನಮ್ಮ ಒಲೆಯಿಂದ ಅಧಿಕಾರಿಗಳ ಊಟಕ್ಕೆ ರೊಟ್ಟಿ ಹೋಗುತ್ತಿಲ್ಲ.

ಯುಗಾದಿಗೆ ಆಕೆಯ ವಿಚಾರಣೆ. ಸೂತ್ರ ಬರೆದವರೇ ತಪ್ಪೊಪ್ಪಿಕೊಳ್ಳದೆ ಒಂದಕ್ಷರವನ್ನೂ ತಿದ್ದಲಾಗದು ಎನ್ನುತ್ತಾರೆ ಅಧಿಕಾರಿಗಳು. ನಮಗೆ ನೀವು ಎಂದೋ ಸತ್ತವರು. ಇದನ್ನು ಓದುವಾಗ ಬದುಕಿದ್ದೀರಿ. ನಿಮ್ಮ ಕಾಲದ ಪತ್ರಿಕೆಗಳು ನಮ್ಮ ಗ್ರಂಥಾಲಯದಲ್ಲಿ ಭದ್ರವಾಗಿವೆ, ನೀವು ಅಚ್ಚು ಹಾಕಿಸಿದ್ದನ್ನು ವಿಚಾರಣೆಗೆ ಮುಂಚೆ ನಾನು ಅಲ್ಲಿ ಓದಬಲ್ಲೆ. ನನಗೆ ಗುಟ್ಟಾಗಿ ಸಮಾಧಾನ ಹೇಳಬೇಡಿ. ರೊಟ್ಟಿ ಬಡಿಯುವುದು ವಿಶ್ರಾಂತಿ ಎಂದು ತೀರ್ಮಾನಿಸಿದವರು ಯಾರು, ಯಾರ ಮನೆಯ ಒಲೆಯ ಮುಂದೆ ನಿಂತು ನೋಡಿ ತೀರ್ಮಾನಿಸಿದರು? ಊರೆಲ್ಲ ಓದುವಂತೆ, ನಿಮ್ಮ ಹೆಸರು ಹಾಕಿ, ಪತ್ರಿಕೆಯಲ್ಲಿ ಉತ್ತರ ಕೊಡಿ.

ಚನ್ನವೀರ ಹೊಂಬಳ