ತಾಯಿ ಕಾರ್ಡಿನ ತಾರೀಖು

ಆಳಂದ
14 ಸೆಪ್ಟೆಂಬರ್ 2025, ಭಾನುವಾರ ಮುಂಜಾನೆ

ಪ್ರೀತಿಯ ಅತ್ತೆಯವರಿಗೆ,

ಸಪ್ನಾಳ ಶರಣು. ಮೊಣಕಾಲು ನೋವು ಈಗ ಹೇಗಿದೆ? ನಾಳೆ ಗೊಬ್ಬೂರಿನಿಂದ ಆಸ್ಪತ್ರೆಗೆ ಬರುವಾಗ ಬಸ್ಸಿನಲ್ಲಿ ನಿಂತುಕೊಂಡು ಬರಬೇಡಿ. ಸೀಟು ಸಿಗದಿದ್ದರೆ ಯಾರನ್ನಾದರೂ ಗದರಿಸಿ ಎಬ್ಬಿಸಿ, ಅದು ನಿಮಗೇನೂ ಕಷ್ಟವಲ್ಲ. ತವರಿನಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಅವ್ವ ಗಂಟೆಗೊಮ್ಮೆ "ನೋವು ಬಂತೇನಬೇ" ಎಂದು ಕೇಳುತ್ತಾಳೆ. ಇಲ್ಲ ಎಂದರೆ ತಪ್ಪು ನನ್ನದೇ ಎಂಬಂತೆ ನೋಡುತ್ತಾಳೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆವು. ಮೊದಲ ಸ್ಕ್ಯಾನ್ ತಡವಾಗಿ ಮಾಡಿಸಿದ್ದರಿಂದ ತಾಯಿ ಕಾರ್ಡಿನಲ್ಲಿ ಬರೆದ ಕೊನೆಯ ಮುಟ್ಟಿನ ತಾರೀಖೇ ಎಲ್ಲರಿಗೂ ಆಧಾರ. ಅದರ ಪ್ರಕಾರ ದಿನ ತುಂಬಿ ವಾರವಾಯಿತು, ಕೂಸು ಮಾತ್ರ ಎರಡೂವರೆ ಕಿಲೋ ಆಸುಪಾಸಿನಲ್ಲೇ ಇದೆ. ಒಳಗೆ ಬೆಳೆಯುತ್ತಿಲ್ಲ, ಇನ್ನು ಕಾಯುವುದು ಬೇಡ, ನಾಳೆ ಒಂಬತ್ತಕ್ಕೆ ದಾಖಲು ಮಾಡಿಕೊಂಡು ಔಷಧಿ ಇಟ್ಟು ನೋವು ಬರಿಸೋಣ ಎಂದರು ಡಾಕ್ಟರು. ಅದಕ್ಕೂ ಆಗದಿದ್ದರೆ ಆಪರೇಷನ್. ಆದರೆ ಪರೀಕ್ಷೆ ಮಾಡಿದ ಖುರ್ಷಿದ ಸಿಸ್ಟರ್ ಹುಬ್ಬು ಗಂಟಿಕ್ಕಿದರು. "ಮೂಗಿನ ತುದಿ ಮುಟ್ಟಿ ನೋಡವ್ವಾ, ಗರ್ಭದ ಬಾಯಿ ಅಷ್ಟು ಗಟ್ಟಿ ಅದ. ಹೆರಿಗಿ ಹತ್ರ ಬಂದ್ರ ತುಟಿ ಹಾಂಗ ಮೆತ್ತಗಾಗ್ಬೇಕು" ಎಂದರು. ಒಂಬತ್ತು ತಿಂಗಳು ಆ ಬಾಯಿಯನ್ನು ಬಿಗಿಯಾಗಿ ಇಡುವುದು ಒಂದು ಹಾರ್ಮೋನಂತೆ. ದಿನ ತುಂಬಿದಾಗ ಅದರ ಹಿಡಿತ ತಪ್ಪಿ, ಬೇರೆ ಹಾರ್ಮೋನುಗಳು ಮೇಲುಗೈಯಾಗಿ ಕಿಣ್ವಗಳನ್ನು ಎಬ್ಬಿಸುತ್ತವಂತೆ. ಅವು ಬಿಗಿದ ನಾರುಗಳನ್ನು ಎಳೆ ಎಳೆಯಾಗಿ ಸಡಿಲಿಸಿ, ನಡುವೆ ನೀರು ತುಂಬಿಕೊಂಡ ಮೇಲೆಯೇ ಬಾಯಿ ಮೆತ್ತಗಾಗುವುದು. ನನ್ನಲ್ಲಿ ಆ ಕೆಲಸ ಶುರುವೇ ಆಗಿಲ್ಲ. "ತಾರೀಖು ಖರೇ ಅದನಾ?" ಎಂದು ಸಿಸ್ಟರ್ ಎರಡು ಸಲ ಕೇಳಿದರು. "ನಮ್ಮ ಬೀಗತಿ ಹೇಳಿ ಬರಸ್ಯಾರ್ರಿ, ತಪ್ಪಂಗಿಲ್ಲ" ಎಂದುಬಿಟ್ಟಳು ಅವ್ವ. ನಾನು ಕಾರ್ಡನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. ಭಯವಾಗುತ್ತಿದೆ ಅತ್ತೆ.

ಮಾವನವರಿಗೆ ಶರಣು ತಿಳಿಸಿ. ನಿಮ್ಮ ಮಗನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿ.

ನಿಮ್ಮ ಸೊಸೆ,
ಸಪ್ನಾ

ತಾ.ಕ.: ಈ ಪತ್ರ ತರುವ ಶಾಂತಲಿಂಗಪ್ಪ ಕಾಕಾ ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಎಳ್ಳಮವಾಸ್ಯೆಯ ದಿನ "ಈ ಸಲ ಹೊಲದಾಗ ಚರಗ ಹೊಸ ಸೊಸಿನೇ ಚೆಲ್ಲಲಿ" ಎಂದು ನೀವು ಭೂಮಿತಾಯಿಯ ನೈವೇದ್ಯದ ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟಿರಿ. ಅಂದು ಬೆಳಿಗ್ಗೆಯೇ ನಾನು ಮುಟ್ಟಾಗಿದ್ದೆ. ಹೇಳಿದ್ದರೆ ಮನೆಯಲ್ಲಿ ಒಬ್ಬಳೇ ಉಳಿಯಬೇಕಿತ್ತು, ಹೊಲಕ್ಕೆ ಬರುವ ಆಸೆಗೆ ಮುಚ್ಚಿಟ್ಟೆ. ನಾನು ಕೊನೆಗೆ ಹೊರಗೆ ಕುಳಿತದ್ದು ಡಿಸೆಂಬರ್ ಒಂದಕ್ಕೆಂದು ನೀವು ಆಶಾ ಕಾರ್ಯಕರ್ತೆ ಚಂದಮ್ಮನಿಂದ ಕಾರ್ಡಿನಲ್ಲಿ ಬರೆಸಿದಾಗಲೂ ಬಾಯಿ ಬಿಡಲಿಲ್ಲ. ನಿಜವಾದ ತಾರೀಖು ಆ ಎಳ್ಳಮವಾಸ್ಯೆಯ ದಿನ, ಡಿಸೆಂಬರ್ ಮೂವತ್ತು. ಕೂಸು ಬೆಳೆದಿಲ್ಲ ಅಂತಲ್ಲ, ಅದಕ್ಕೆ ಇನ್ನೂ ಮೂರು ವಾರ ಬೇಕು. ನಾಳೆ ಡಾಕ್ಟರಿಗೆ ನಾನೇ ಹೇಳುತ್ತೇನೆ. ಹೆದರಿ ನೆವ ಹೇಳುತ್ತಿದ್ದಾಳೆ ಎಂದುಕೊಂಡು ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಚರಗದ ವಿಷಯಕ್ಕೆ ಆಮೇಲೆ ಎಷ್ಟು ಬೇಕಾದರೂ ಬೈಯಿರಿ. ಅಲ್ಲಿ ಮಾತ್ರ ನನ್ನ ಮಾತಿಗೆ ಹೌದು ಅನ್ನಿ.